ನಿಯಮ, ಪ್ರಯೋಗ, ಸಮ್ಮತಿ: ಒಂದು ಗಣಕಭಾಷೆಯ ಬೆಳವಣಿಗೆಯ ವಿಚಾರ

1

ಭಾಷೆಯಲ್ಲಿ ಪ್ರಯೋಗ ಮೊದಲು, ನಿಯಮ ಅನಂತರ ಎಂಬುದು ವೈಯಾಕರಣರು ಒಪ್ಪಿಕೊಂಡು ಬಂದಿರುವ ಮಾತು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರನ್ನು ಹೆಸರಿಸಿ, ಅವರು ನಡೆದ ದಾರಿಯೇ ತನಗೆ ಲಕ್ಷ್ಯವೆಂದು ಸ್ಪಷ್ಟಪಡಿಸಿದನು. ಸೂತ್ರವನ್ನು ಹೇಳಿ, ವೃತ್ತಿಯಲ್ಲಿ ವಿವರಿಸಿ, ಪ್ರಯೋಗವನ್ನು ಎತ್ತಿ ತೋರಿಸುವ ಅವನ ಕ್ರಮದಲ್ಲಿ ಒಂದು ಪ್ರಮಾಣತತ್ತ್ವ ಅಡಗಿದೆ. ವೈಯಾಕರಣನ ಮಾತು ಅವನ ಅಧಿಕಾರದ ಬಲದಿಂದ ಪ್ರಮಾಣವಾಗುವುದಿಲ್ಲ. ಬಲ್ಲವರ ಪ್ರಯೋಗ ಅದರ ಹಿಂದೆ ಇರುವುದರಿಂದ ಪ್ರಮಾಣವಾಗುತ್ತದೆ.

ಗಣಕಯಂತ್ರಕ್ಕೆ ಆಜ್ಞೆ ಕೊಡಲು ಮನುಷ್ಯನು ನಿರ್ಮಿಸಿಕೊಂಡ ಭಾಷೆಗಳು ಮೊದಲ ನೋಟಕ್ಕೆ ಇದಕ್ಕೆ ತೀರ ವಿರುದ್ಧವಾಗಿ ಕಾಣುತ್ತವೆ. ಅಲ್ಲಿ ನಿಯಮ ಮೊದಲು, ಪ್ರಯೋಗ ಅನಂತರ. ನಿಯಮ ತಪ್ಪಿದ ವಾಕ್ಯವನ್ನು ಯಂತ್ರವು ಅರ್ಥಮಾಡಿಕೊಳ್ಳಲು ಯತ್ನಿಸುವುದೇ ಇಲ್ಲ, ಕೂಡಲೇ ತಿರಸ್ಕರಿಸುತ್ತದೆ. ಅಲ್ಲಿ ಅಪವಾದಕ್ಕೆ ಎಡೆಯಿಲ್ಲ, ಕವಿಸಮಯವಿಲ್ಲ, ಪ್ರಾಂತಭೇದವಿಲ್ಲ. ಆದುದರಿಂದ ಭಾಷಾಸಾಹಿತ್ಯಗಳ ವಿದ್ಯಾರ್ಥಿಗಳು ಗಣಕಭಾಷೆಯನ್ನು ತಮ್ಮ ಅಧ್ಯಯನದ ಹೊರಗಿನ ವಸ್ತುವೆಂದು ಭಾವಿಸುವುದು ಸಹಜ.

ಆದರೆ ಕಳೆದ ಮೂರು ದಶಕಗಳಲ್ಲಿ ಕೆಲವು ಗಣಕಭಾಷೆಗಳು ಬೆಳೆದ ಬಗೆಯನ್ನು ಗಮನಿಸಿದರೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಮುಕ್ತ ಆಕರದ ಭಾಷೆಗಳೆಂದು ಕರೆಯುವ ಇವುಗಳ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ಪ್ರತಿ ಮಾಡಿಕೊಳ್ಳಬಹುದು, ತಿದ್ದುಪಡಿಯನ್ನು ಸೂಚಿಸಬಹುದು. ಇಂತಹ ಭಾಷೆಯ ವ್ಯಾಕರಣವು ಯಾವುದೊಂದು ಸಂಸ್ಥೆಯ ಆಜ್ಞೆಯಿಂದ ಬದಲಾಗುವುದಿಲ್ಲ. ಬಳಸುವವರ ನಡುವಣ ವಾದ, ಪ್ರತಿವಾದ, ನಿರ್ಣಯಗಳಿಂದ ಬದಲಾಗುತ್ತದೆ. ಇವುಗಳಲ್ಲಿ ‘ಪೈಥಾನ್’ ಎಂಬುದು ಪ್ರಮುಖವಾದುದು. ಚೆನ್ನೈ ನಗರಕ್ಕೆ ಈ ಭಾಷೆ ಅಪರಿಚಿತವಲ್ಲ. ಚೆನ್ನೈ ಗಣಿತ ಸಂಸ್ಥೆಯ ಪ್ರಾಧ್ಯಾಪಕ ಮಾಧವನ್ ಮುಕುಂದ್ ಅವರ ಪೈಥಾನ್ ಪಾಠಗಳು ದೇಶದ ದೂರಶಿಕ್ಷಣ ಯೋಜನೆಯ ಮೂಲಕ ಪ್ರಸಾರವಾಗಿವೆ. ಈ ಭಾಷೆಯನ್ನು ಬಳಸುವವರ ಅಖಿಲ ಭಾರತ ಸಮ್ಮೇಳನ 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾಗಿ, 2019ರ ಅಕ್ಟೋಬರ್ ತಿಂಗಳಲ್ಲಿ ಚೆನ್ನೈಯ ನಂದಂಬಾಕ್ಕಂನಲ್ಲಿರುವ ವಾಣಿಜ್ಯ ಕೇಂದ್ರದಲ್ಲಿ ಜರುಗಿತು. ಈ ಭಾಷೆಯ ನಿಯಮಗಳು ಹೇಗೆ ರೂಪುಗೊಳ್ಳುತ್ತವೆ, ಆ ಕ್ರಮದಲ್ಲಿ ಕನ್ನಡಕ್ಕೆ ಯಾವ ಸ್ಥಾನ ದೊರೆತಿದೆ, ಕನ್ನಡ ವಿದ್ವಾಂಸರ ಹೊಣೆ ಏನು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿವೇಚಿಸಲಾಗಿದೆ.

2

ಪೈಥಾನ್ ಭಾಷೆಯ ರಚನೆಯನ್ನು ನೆದರ್ಲೆಂಡ್ಸಿನ ಗೀಡೊ ವಾನ್ ರಾಸಮ್ ಅವರು 1989ರ ಡಿಸೆಂಬರಿನಲ್ಲಿ ಆರಂಭಿಸಿದರು. ಆಗ ಅವರು ಆಮ್‌ಸ್ಟರ್‌ಡ್ಯಾಮ್ ನಗರದ ಗಣಿತ ಮತ್ತು ಗಣಕವಿಜ್ಞಾನ ಸಂಸ್ಥೆಯಲ್ಲಿದ್ದರು. 1991ರ ಫೆಬ್ರವರಿಯಲ್ಲಿ ಅದರ ಮೊದಲ ಪಾಠ ಬಹಿರಂಗವಾಯಿತು. ಹೆಸರು ಹೆಬ್ಬಾವನ್ನು ನೆನಪಿಸಿದರೂ ಅದರ ಮೂಲ ಬ್ರಿಟಿಷ್ ದೂರದರ್ಶನದ ಒಂದು ಹಾಸ್ಯ ಕಾರ್ಯಕ್ರಮದಲ್ಲಿದೆ. ಬರೆಯುವುದಕ್ಕಿಂತ ಹೆಚ್ಚು ಸಲ ಓದಲ್ಪಡುವುದೇ ಕ್ರಮವಿಧಿಯ ಸ್ವಭಾವ. ಆದುದರಿಂದ ಓದಿನ ಸೌಲಭ್ಯವೇ ಮುಖ್ಯ ಎಂಬುದು ಈ ಭಾಷೆಯ ಮೂಲ ಧೋರಣೆ.

ಮೊದಲ ವರ್ಷಗಳಲ್ಲಿ ಬಳಸುವವರು ಕೆಲವರೇ ಇದ್ದುದರಿಂದ ನಿಯಮಗಳನ್ನು ಕರ್ತೃವೇ ನಿರ್ಧರಿಸುತ್ತಿದ್ದರು. ಬಳಗ ಬೆಳೆದಂತೆ ಸಲಹೆಗಳು ಹೆಚ್ಚಿದವು. ಒಂದೇ ಸಲಹೆ ಮತ್ತೆ ಮತ್ತೆ ಬಂದು, ಹಿಂದೆ ಏಕೆ ಬಿಡಲಾಯಿತೆಂಬುದು ಮರೆತುಹೋಗುತ್ತಿತ್ತು. ಇದಕ್ಕೆ ಪರಿಹಾರವಾಗಿ 2000ದಲ್ಲಿ ಒಂದು ಪದ್ಧತಿ ರೂಪುಗೊಂಡಿತು. ಭಾಷೆಯಲ್ಲಿ ಬದಲಾವಣೆ ಬಯಸುವವರು ಒಂದು ಲಿಖಿತ ಪ್ರಸ್ತಾವವನ್ನು ಸಿದ್ಧಪಡಿಸಬೇಕು. ‘ಪೈಥಾನ್ ವರ್ಧನ ಪ್ರಸ್ತಾವ’ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ‘ಪೆಪ್’ ಎನ್ನುತ್ತಾರೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆಯಿರುತ್ತದೆ. ಮೊದಲನೆಯ ಪ್ರಸ್ತಾವ ಪ್ರಸ್ತಾವ ಬರೆಯುವ ಕ್ರಮವನ್ನೇ ವಿವರಿಸುತ್ತದೆ. ಎಂಟನೆಯದು ಬರವಣಿಗೆಯ ಶೈಲಿಯನ್ನು ಹೇಳುತ್ತದೆ.

ಈ ಪ್ರಸ್ತಾವಗಳ ಅಂಗವಿಭಾಗ ಕನ್ನಡ ವಿದ್ಯಾರ್ಥಿಗಳ ಗಮನಕ್ಕೆ ಯೋಗ್ಯವಾಗಿದೆ. ಸಾರಾಂಶ, ಬದಲಾವಣೆಗೆ ಪ್ರೇರಣೆ, ನಿಯಮದ ನಿಖರ ನಿರೂಪಣೆ, ಆ ರೂಪವನ್ನೇ ಆಯ್ದುಕೊಂಡುದಕ್ಕೆ ಕಾರಣ, ಹಳೆಯ ಬರಹಗಳ ಮೇಲೆ ಆಗುವ ಪರಿಣಾಮ, ಕೊನೆಗೆ ಬೇಡವೆಂದು ಬಿಟ್ಟ ಪರ್ಯಾಯಗಳು ಮತ್ತು ಅವನ್ನು ಬಿಟ್ಟ ಕಾರಣ. ಪ್ರಸ್ತಾವಕನು ತನ್ನ ಪಕ್ಷವನ್ನು ಮಂಡಿಸಿದರೆ ಸಾಲದು. ಬಳಗದಲ್ಲಿ ಒಮ್ಮತವನ್ನು ಬೆಳೆಸಬೇಕು, ಭಿನ್ನಾಭಿಪ್ರಾಯವನ್ನೂ ದಾಖಲಿಸಬೇಕು. ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸಿ ಆ ಬಳಿಕ ಸಿದ್ಧಾಂತಕ್ಕೆ ಬರುವ ಕ್ರಮವನ್ನು ಬಲ್ಲವರಿಗೆ ಇದು ಹೊಸದೆನಿಸದು. ತಿರಸ್ಕೃತವಾದ ಪ್ರಸ್ತಾವವನ್ನೂ ಅಳಿಸದೆ ಉಳಿಸಿಕೊಳ್ಳುವುದು ಈ ಪದ್ಧತಿಯ ಇನ್ನೊಂದು ವಿಶೇಷ. ಅದರ ಮೇಲೆ ‘ತಿರಸ್ಕೃತ’ ಎಂಬ ಮುದ್ರೆ ಬೀಳುತ್ತದೆ. ಆದರೆ ಪಾಠ ಹಾಗೆಯೇ ಉಳಿಯುತ್ತದೆ. ಮುಂದೆ ಬಂದವರು ಅದನ್ನು ಓದಿ ಹೊಸ ಕಾರಣವಿದ್ದರೆ ಮಾತ್ರ ಚರ್ಚೆಯನ್ನು ಮುಂದುವರಿಸಬಹುದು.

3

ಈ ಪದ್ಧತಿ ಕೆಲಸ ಮಾಡುವ ಬಗೆಯನ್ನು ಮೂರು ನಿದರ್ಶನಗಳಿಂದ ತಿಳಿಯಬಹುದು.

ಮೊದಲನೆಯದು ಪದಕ್ರಮಕ್ಕೆ ಸಂಬಂಧಿಸಿದುದು. ‘ಮಳೆ ಬಂದರೆ ಕೊಡೆ, ಇಲ್ಲವಾದರೆ ಟೊಪ್ಪಿ’ ಎಂಬಂತಹ ಆಯ್ಕೆಯನ್ನು ಒಂದೇ ಪದಪುಂಜದಲ್ಲಿ ಹೇಳುವ ಸೌಕರ್ಯ ಪೈಥಾನಿನಲ್ಲಿ ಮೊದಲು ಇರಲಿಲ್ಲ. 2003ರಲ್ಲಿ 308ನೆಯ ಪ್ರಸ್ತಾವ ಇದನ್ನು ಎತ್ತಿಕೊಂಡಿತು. ಬಳಗದವರು ಹಲವು ರೂಪಗಳನ್ನು ಸೂಚಿಸಿ ಮತ ನೀಡಿದರು. ಯಾವ ರೂಪಕ್ಕೂ ಸ್ಪಷ್ಟವಾದ ಬೆಂಬಲ ದೊರೆಯಲಿಲ್ಲ. 2005ರಲ್ಲಿ ವಾನ್ ರಾಸಮ್ ಅವರು ‘ಕೊಡೆ, ಮಳೆ ಬಂದರೆ, ಇಲ್ಲವಾದರೆ ಟೊಪ್ಪಿ’ ಎಂಬ ಕ್ರಮವನ್ನು ಆರಿಸಿದರು. 2006ರ ಆವೃತ್ತಿಯಲ್ಲಿ ಅದು ಬಳಕೆಗೆ ಬಂದಿತು. ಫಲವನ್ನು ಮುಂದಿಟ್ಟು ನಿಬಂಧನೆಯನ್ನು ನಡುವೆ ತರುವ ಈ ರಚನೆ ಇಂಗ್ಲಿಷ್ ವಾಕ್ಯದ ಜಾಡಿನಲ್ಲಿದೆ. ನಿಬಂಧನೆಯನ್ನು ಮೊದಲು ಹೇಳಿ ಮುಖ್ಯಕ್ರಿಯೆಗೆ ಹೋಗುವ ಕನ್ನಡದ ಪದಕ್ರಮಕ್ಕೆ ಅದು ಒಗ್ಗದು. ಗಣಕಭಾಷೆಯ ವ್ಯಾಕರಣದ ಹಿಂದೆಯೂ ಅದನ್ನು ಚರ್ಚಿಸಿದವರ ಮಾತೃಭಾಷೆಯ ಅಭ್ಯಾಸ ಇರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ತಿರಸ್ಕಾರದ ಕಥೆ. ಒಂದು ಬೆಲೆಯನ್ನು ಅನೇಕ ಸಾಧ್ಯತೆಗಳೊಡನೆ ಹೋಲಿಸಿ ತಕ್ಕ ದಾರಿಯನ್ನು ಹಿಡಿಯುವ ‘ಸ್ವಿಚ್’ ಎಂಬ ರಚನೆ ಬೇರೆ ಗಣಕಭಾಷೆಗಳಲ್ಲಿ ಇದ್ದಿತು. ಇದನ್ನು ಪೈಥಾನಿಗೆ ತರುವ 3103ನೆಯ ಪ್ರಸ್ತಾವವನ್ನು ಬರೆದವರು ಸ್ವತಃ ವಾನ್ ರಾಸಮ್. 2007ರ ಸಮ್ಮೇಳನದಲ್ಲಿ ಅವರು ಸಭಿಕರ ಅಭಿಪ್ರಾಯ ಕೇಳಿದಾಗ ಬೆಂಬಲ ಕಾಣಲಿಲ್ಲ. ಭಾಷೆಯ ಕರ್ತೃವೇ ತನ್ನ ಪ್ರಸ್ತಾವವನ್ನು ತಾನೇ ತಿರಸ್ಕರಿಸಿ ಕಾರಣವನ್ನು ದಾಖಲಿಸಿದರು. ಹದಿಮೂರು ಹದಿನಾಲ್ಕು ವರ್ಷಗಳ ಅನಂತರ ಅದೇ ಅಗತ್ಯ ಬೇರೊಂದು ರೂಪದಲ್ಲಿ ಮರಳಿತು. ಬೆಲೆಯನ್ನು ಮಾತ್ರವಲ್ಲದೆ ಅದರ ರಚನೆಯ ಆಕೃತಿಯನ್ನೂ ಹೋಲಿಸುವ ಹೊಸ ಕಲ್ಪನೆ 634ನೆಯ ಪ್ರಸ್ತಾವವಾಗಿ 2021ರಲ್ಲಿ ಅಂಗೀಕೃತವಾಯಿತು. ಹಳೆಯ ತಿರಸ್ಕಾರದ ಕಾರಣಗಳು ಬರಹದಲ್ಲಿ ಉಳಿದಿದ್ದವು. ಹೊಸ ಪ್ರಸ್ತಾವ ಅವನ್ನು ಎದುರಿಟ್ಟುಕೊಂಡೇ ಬೆಳೆಯಬೇಕಾಯಿತು.

ಮೂರನೆಯದು ಹೆಚ್ಚು ಕಹಿಯಾದುದು. ಒಂದು ಬೆಲೆಗೆ ಹೆಸರಿಡುವುದು, ಆ ಹೆಸರನ್ನು ಬಳಸುವುದು ಇವೆರಡೂ ಪೈಥಾನಿನಲ್ಲಿ ಬೇರೆಬೇರೆ ವಾಕ್ಯಗಳಾಗಿದ್ದವು. ಇವನ್ನು ಒಂದೇ ಪದಪುಂಜದಲ್ಲಿ ಕೂಡಿಸಲು ‘:=’ ಎಂಬ ಚಿಹ್ನೆಯನ್ನು 572ನೆಯ ಪ್ರಸ್ತಾವ ಸೂಚಿಸಿತು. ‘ನೀರು ತಂದನು, ಅದನ್ನು ಗಿಡಕ್ಕೆ ಹಾಕಿದನು’ ಎಂಬ ಎರಡು ವಾಕ್ಯಗಳನ್ನು ಕನ್ನಡವು ‘ನೀರು ತಂದು ಗಿಡಕ್ಕೆ ಹಾಕಿದನು’ ಎಂದು ಕೃದಂತಾವ್ಯಯದ ಸಹಾಯದಿಂದ ಒಂದಾಗಿಸುವಂತೆ ಇದೆಂದು ಹೇಳಬಹುದು. ಬರಹ ಅಡಕವಾಗುತ್ತದೆ ಎಂದು ಕೆಲವರು ಸಮರ್ಥಿಸಿದರು. ಓದುವವನಿಗೆ ತೊಡಕಾಗುತ್ತದೆ, ಒಂದೇ ಕೆಲಸಕ್ಕೆ ಎರಡು ದಾರಿಗಳಾಗುತ್ತವೆ ಎಂದು ಬೇರೆಯವರು ವಿರೋಧಿಸಿದರು. 2018ರಲ್ಲಿ ತಿಂಗಳುಗಟ್ಟಲೆ ವಾದ ನಡೆದು ಕೊನೆಗೆ ಪ್ರಸ್ತಾವ ಅಂಗೀಕೃತವಾಯಿತು, 2019ರ 3.8 ಆವೃತ್ತಿಯಲ್ಲಿ ಚಿಹ್ನೆ ಸೇರಿತು. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. 2018ರ ಜುಲೈ 12ರಂದು ವಾನ್ ರಾಸಮ್ ಅವರು ನಿರ್ಣಾಯಕನ ಸ್ಥಾನದಿಂದ ನಿವೃತ್ತರಾಗುವುದಾಗಿ ಬಳಗಕ್ಕೆ ತಿಳಿಸಿದರು. ಒಂದು ಪ್ರಸ್ತಾವಕ್ಕಾಗಿ ಇಷ್ಟು ಹೋರಾಡಿ, ಇಷ್ಟು ಜನರ ಅಸಮಾಧಾನವನ್ನು ಹೊರುವ ಸ್ಥಿತಿ ತಮಗೆ ಇನ್ನು ಬೇಡ ಎಂಬುದು ಅವರ ಮಾತಿನ ಸಾರ. ತಮ್ಮ ಉತ್ತರಾಧಿಕಾರಿಯನ್ನು ಅವರು ನೇಮಿಸಲಿಲ್ಲ.

4

ಅಲ್ಲಿಯವರೆಗೆ ಅವರನ್ನು ಬಳಗದವರು ಅರ್ಧ ವಿನೋದದಿಂದ ‘ಜೀವಮಾನದ ಹಿತಚಿಂತಕ ಸರ್ವಾಧಿಕಾರಿ’ ಎಂದು ಕರೆಯುತ್ತಿದ್ದರು. ಚರ್ಚೆ ಎಲ್ಲರದಾದರೂ ಕೊನೆಯ ನುಡಿ ಒಬ್ಬರದಾಗಿತ್ತು. ಆ ಒಬ್ಬರು ಹಿಂದೆ ಸರಿದಾಗ ಭಾಷೆಯ ಗತಿ ಏನು ಎಂಬ ಪ್ರಶ್ನೆ ಎದುರಾಯಿತು. ಬಳಗವು ಈ ಪ್ರಶ್ನೆಗೂ ತನ್ನ ಹಳೆಯ ಕ್ರಮದಿಂದಲೇ ಉತ್ತರ ಹುಡುಕಿತು. ಆಡಳಿತದ ಹಲವು ಮಾದರಿಗಳು ಪ್ರಸ್ತಾವಗಳಾಗಿ ಬಂದವು. 2018ರ ಡಿಸೆಂಬರಿನಲ್ಲಿ ಮತದಾನ ನಡೆದು 8016ನೆಯ ಪ್ರಸ್ತಾವ ಗೆದ್ದಿತು. ಅದರಂತೆ ಐವರ ಮಾರ್ಗದರ್ಶಕ ಮಂಡಳಿ 2019ರ ಆರಂಭದಲ್ಲಿ ಚುನಾಯಿತವಾಯಿತು. ಆ ಮೊದಲ ಮಂಡಳಿಯಲ್ಲಿ ವಾನ್ ರಾಸಮ್ ಅವರೂ ಐವರಲ್ಲಿ ಒಬ್ಬರಾಗಿ ಕುಳಿತರು. ಒಂದೇ ಸಂಸ್ಥೆಯ ನೌಕರರು ಇಬ್ಬರಿಗಿಂತ ಹೆಚ್ಚು ಮಂಡಳಿಯಲ್ಲಿರಕೂಡದು, ಮಂಡಳಿಯು ತನ್ನ ಅಧಿಕಾರವನ್ನು ಸಾಧ್ಯವಾದಷ್ಟು ಕಡಮೆ ಬಳಸಬೇಕು ಎಂಬ ನಿಯಮಗಳಲ್ಲಿ ಈ ಬಳಗದ ಅನುಭವ ಹೆಪ್ಪುಗಟ್ಟಿದೆ.

ಇಲ್ಲಿ ಸಹಜಭಾಷೆಗೂ ಗಣಕಭಾಷೆಗೂ ಇರುವ ಒಂದು ಭೇದವನ್ನು ಮರೆಯಬಾರದು. ಹಳಗನ್ನಡದ ‘ಪಾಲ್’ ನಡುಗನ್ನಡ ಹೊಸಗನ್ನಡಗಳಲ್ಲಿ ‘ಹಾಲು’ ಆಯಿತು. ಪಕಾರ ಹಕಾರವಾಗಲು, ವ್ಯಂಜನಾಂತ ಪದ ಸ್ವರಾಂತವಾಗಲು ಯಾರೂ ಸಭೆ ಸೇರಲಿಲ್ಲ; ಯಾವ ದಿನದಿಂದ ಎಂದು ಹೇಳುವಂತೆಯೂ ಇಲ್ಲ. ಪೈಥಾನಿನ ಎರಡನೆಯ ಪೀಳಿಗೆಯಿಂದ ಮೂರನೆಯ ಪೀಳಿಗೆಗೆ ಆದ ಮಾರ್ಪಾಟಿಗೆ ಆದಿ ಅಂತ್ಯಗಳೆರಡಕ್ಕೂ ದಿನಾಂಕವಿದೆ. 2008ರ ಡಿಸೆಂಬರ್ 3ರಂದು ಹೊಸ ಪೀಳಿಗೆ ಹೊರಬಂದಿತು. 2020ರ ಜನವರಿ 1ರಂದು ಹಳೆಯದರ ಪೋಷಣೆ ನಿಂತಿತು. ಆದರೂ ಈ ಎರಡು ದಿನಾಂಕಗಳ ನಡುವೆ ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ಎರಡು ರೂಪಗಳೂ ಜೊತೆಯಾಗಿ ಬಾಳಿದವು. ನಿಯಮ ಪ್ರಕಟವಾದ ಕೂಡಲೇ ಪ್ರಯೋಗ ಬದಲಾಗುವುದಿಲ್ಲ ಎಂಬ ಸತ್ಯ ಯಂತ್ರದ ಭಾಷೆಗೂ ಅನ್ವಯಿಸಿತು.

5

ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ ನಿರ್ಣಯ ಈ ಮೂರನೆಯ ಪೀಳಿಗೆಯಲ್ಲಿಯೇ ಆಯಿತು. ಕ್ರಮವಿಧಿಯನ್ನು ಬರೆಯುವವನು ತಾನು ಬಳಸುವ ವಸ್ತುಗಳಿಗೂ ಕಾರ್ಯಗಳಿಗೂ ಹೆಸರುಗಳನ್ನು ಇಡಬೇಕಾಗುತ್ತದೆ. ಈ ಹೆಸರುಗಳನ್ನು ಅಭಿಧಾನಗಳೆಂದು ಕರೆಯಬಹುದು. ಹಳೆಯ ಪೈಥಾನಿನಲ್ಲಿ ಅಭಿಧಾನಗಳು ರೋಮನ್ ಲಿಪಿಯಲ್ಲಿಯೇ ಇರಬೇಕಾಗಿದ್ದಿತು. 2007ರಲ್ಲಿ ಜರ್ಮನಿಯ ಮಾರ್ಟಿನ್ ಫಾನ್ ಲೋವಿಸ್ ಅವರು ಬರೆದ 3131ನೆಯ ಪ್ರಸ್ತಾವ ಬೇರೆ ಲಿಪಿಗಳಿಗೂ ಈ ಹಕ್ಕನ್ನು ಕೊಡಬೇಕೆಂದು ವಾದಿಸಿತು. ಇಂಗ್ಲಿಷನ್ನಾಗಲಿ ರೋಮನ್ ಲಿಪಿಯನ್ನಾಗಲಿ ಚೆನ್ನಾಗಿ ಅರಿಯದವರು ತಪ್ಪು ಅನುವಾದದ ಹೆಸರುಗಳನ್ನು ಇಡುವುದಕ್ಕಿಂತ ತಮ್ಮ ಭಾಷೆಯ ಹೆಸರುಗಳನ್ನೇ ಇಡುವುದು ಲೇಸು ಎಂಬುದು ಅದರ ಪ್ರೇರಣೆ.

ಈ ವಾದದ ಬಲ ಕನ್ನಡಿಗರಿಗೆ ಸುಲಭವಾಗಿ ಅರಿವಾಗುತ್ತದೆ. ಸ್ವರಚಿಹ್ನೆಗಳಿಲ್ಲದ ಸಾಮಾನ್ಯ ರೋಮನ್ ಬರಹದಲ್ಲಿ ‘ಕಲ’, ‘ಕಳ’, ‘ಕಾಲ’, ‘ಕಾಳ’ ನಾಲ್ಕೂ ಒಂದೇ ರೂಪವನ್ನು ತಾಳುತ್ತವೆ. ಹ್ರಸ್ವದೀರ್ಘಗಳ ಭೇದ, ಲಕಾರ ಳಕಾರಗಳ ಭೇದ ಅಳಿಸಿಹೋಗುತ್ತವೆ. ಎದುರುಪಕ್ಷದ ಆಕ್ಷೇಪಗಳೂ ಸಾರವಿಲ್ಲದವಲ್ಲ. ಒಂದು ಲಿಪಿಯಲ್ಲಿ ಬರೆದುದನ್ನು ಇನ್ನೊಂದು ನಾಡಿನವನು ಓದಲಾರ, ತನ್ನ ಕೀಲಿಮಣೆಯಲ್ಲಿ ಮೂಡಿಸಲಾರ. ನೋಟಕ್ಕೆ ಒಂದೇ ಆಗಿ ತೋರುವ ಬೇರೆಬೇರೆ ಲಿಪಿಗಳ ಅಕ್ಷರಗಳಿಂದ ವಂಚನೆಗೆ ಎಡೆಯಾದೀತು. ಕೊನೆಯ ನಿರ್ಣಯ ಎರಡು ಪಕ್ಷಗಳಿಗೂ ಸ್ಥಾನ ಕೊಟ್ಟಿತು. ಯಾವ ಲಿಪಿಯ ಅಕ್ಷರಗಳಿಂದಲೂ ಅಭಿಧಾನಗಳನ್ನು ರಚಿಸಬಹುದು. ಆದರೆ ಜಗತ್ತಿನ ಎಲ್ಲರೂ ಬಳಸುವ ಭಾಷೆಯ ಸ್ವಂತ ಭಂಡಾರದಲ್ಲಿ ರೋಮನ್ ಲಿಪಿಯ ಹೆಸರುಗಳೇ ಇರಬೇಕು. ಹೀಗೆ 2008ರಿಂದ ಪೈಥಾನಿನಲ್ಲಿ ‘ಪದ’, ‘ಪ್ರತ್ಯಯ’, ‘ಸಂಧಿ’ ಎಂದು ಕನ್ನಡ ಲಿಪಿಯಲ್ಲಿಯೇ ಹೆಸರಿಡಲು ಸಾಧ್ಯವಾಯಿತು. ಭಾಷೆಯ ಮೂವತ್ತೈದು ಕಾಯ್ದಿಟ್ಟ ಪದಗಳು ಮಾತ್ರ ಇಂಗ್ಲಿಷಿನಲ್ಲಿಯೇ ಉಳಿದಿವೆ.

ಕನ್ನಡದ ಬರಹವನ್ನು ಈ ಭಾಷೆ ಎಷ್ಟು ಸೂಕ್ಷ್ಮವಾಗಿ ಕಾಣುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳು ಸಾಕು. ‘ಕೊ’ ಎಂಬ ಅಕ್ಷರವನ್ನು ಗಣಕದ ಸಂಕೇತದಲ್ಲಿ ಕಕಾರ ಮತ್ತು ಒಕಾರದ ಚಿಹ್ನೆಯಾಗಿ ಬರೆಯಬಹುದು. ಕಕಾರ, ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆಗಳೆಂದು ಬಿಡಿಸಿಯೂ ಬರೆಯಬಹುದು. ಅಭಿಧಾನದಲ್ಲಿ ಈ ಎರಡು ಬರಹಗಳನ್ನೂ ಪೈಥಾನ್ ಒಂದೇ ಎಂದು ತಿಳಿಯುತ್ತದೆ. ‘೧೨೩’ ಎಂಬ ಕನ್ನಡ ಅಂಕಿಗಳ ಬರಹವನ್ನು ಸಂಖ್ಯೆಯಾಗಿ ಮಾರ್ಪಡಿಸೆಂದರೆ ನೂರ ಇಪ್ಪತ್ತಮೂರು ಎಂದೇ ಗ್ರಹಿಸುತ್ತದೆ. ಆದರೆ ಕ್ರಮವಿಧಿಯ ನಡುವೆ ಅದೇ ಅಂಕಿಗಳನ್ನು ನೇರವಾಗಿ ಸಂಖ್ಯೆಯೆಂದು ಬರೆದರೆ ಒಪ್ಪುವುದಿಲ್ಲ.

6

ದೊರೆತ ಸ್ಥಾನದಲ್ಲಿ ಕೊರತೆಗಳೂ ಇವೆ. ಕನ್ನಡದಲ್ಲಿ ವ್ಯಂಜನದ ಮೇಲೆ ವ್ಯಂಜನ ಬಂದರೆ ಎರಡನೆಯದು ಒತ್ತಕ್ಷರವಾಗುವುದು ಸಾಮಾನ್ಯ ನಿಯಮ. ಅನ್ಯದೇಶ್ಯ ಪದಗಳಲ್ಲಿಯೂ ಅಂಕಿತನಾಮಗಳಲ್ಲಿಯೂ ಈ ನಿಯಮವನ್ನು ತಡೆಯಬೇಕಾಗುತ್ತದೆ. ‘ರಾಜ್‌ಕುಮಾರ್’ ಎಂದು ಬರೆಯುವುದು ರೂಢಿ, ‘ರಾಜ್ಕುಮಾರ್’ ಎಂದಲ್ಲ. ಗಣಕದಲ್ಲಿ ಈ ತಡೆಯನ್ನು ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಚಿಹ್ನೆ ಮಾಡುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವೊತ್ತಾಗದಂತೆ ನೋಡಿಕೊಳ್ಳುವುದೂ ಇಂತಹುದೇ ಇನ್ನೊಂದು ಚಿಹ್ನೆ. ಪೈಥಾನಿನ ಅಭಿಧಾನಗಳಲ್ಲಿ ಈ ಎರಡು ಚಿಹ್ನೆಗಳಿಗೂ ಪ್ರವೇಶವಿಲ್ಲ. ಆದುದರಿಂದ ‘ಪದ’ ಎಂಬ ಅಭಿಧಾನ ಸಲ್ಲುತ್ತದೆ. ‘ಪಾಸ್‌ವರ್ಡ್’ ಎಂಬುದು ಸಲ್ಲದು. ಕಾಣದ ಚಿಹ್ನೆಯನ್ನು ಒಪ್ಪಿದರೆ ಒಂದೇ ರೂಪದ ಎರಡು ಹೆಸರುಗಳು ಹುಟ್ಟಿ ಗೊಂದಲವಾದೀತು ಎಂಬ ಭಯಕ್ಕೆ ಆಧಾರವಿದೆ. ಆದರೆ ಕನ್ನಡದಲ್ಲಿ ಆ ಚಿಹ್ನೆ ಎಲ್ಲಿ ರೂಪವನ್ನು ನಿಜವಾಗಿ ಬದಲಿಸುತ್ತದೆ, ಎಲ್ಲಿ ನಿರರ್ಥಕ ಎಂಬುದನ್ನು ನಿಯಮವಾಗಿ ಹೇಳಲು ಸಾಧ್ಯ. ಹಾಗೆ ಹೇಳಬೇಕಾದವರು ಕನ್ನಡದ ವರ್ಣವ್ಯವಸ್ಥೆಯನ್ನು ಬಲ್ಲವರೇ ಹೊರತು ಆಮ್‌ಸ್ಟರ್‌ಡ್ಯಾಮಿನವರಾಗಲಿ ಬರ್ಲಿನ್ನಿನವರಾಗಲಿ ಅಲ್ಲ.

ಬಲ್ಲವರ ಮಾತು ತಕ್ಕ ಕಾಲದಲ್ಲಿ ಸೇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ೞ’ಕಾರ ದೃಷ್ಟಾಂತವಾಗಿದೆ. ಪೈಥಾನ್ ತನ್ನ ಅಕ್ಷರಜ್ಞಾನವನ್ನೆಲ್ಲ ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಿಂದ ಪಡೆಯುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಭಾರತೀಯ ಲಿಪಿಗಳ ಭಾಗಕ್ಕೆ ಭಾರತದ 1988ರ ಇಸ್ಕಿ ಸಂಕೇತ ಆಧಾರ. ಅದರಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಅಧಿಕೃತ ನಾಮವಿದೆ. ಕನ್ನಡದ ‘ೞ’ಕಾರಕ್ಕೆ ಅಲ್ಲಿ ಬಿದ್ದ ಹೆಸರು ‘ಕನ್ನಡ ಲೆಟರ್ ಫಾ’. ಕೇಶಿರಾಜನು ತನ್ನ ಕಾಲದಲ್ಲಿ ಳಕಾರದೊಡನೆ ಬೆರೆತುಹೋಗುತ್ತಿದ್ದ ‘ೞ’ಕಾರದ ಪದಗಳನ್ನು ಎಣಿಸಿ ಪಟ್ಟಿಮಾಡಿ ಕಾಪಾಡಿದ್ದನು. ಆ ಅಕ್ಷರಕ್ಕೆ ಏಳು ಶತಮಾನಗಳ ಬಳಿಕ ಸಂಬಂಧವೇ ಇಲ್ಲದ ಹೆಸರು ಬಂದಿತು. ಒಮ್ಮೆ ಇಟ್ಟ ನಾಮವನ್ನು ಎಂದೂ ಬದಲಿಸಬಾರದೆಂಬುದು ಯೂನಿಕೋಡಿನ ಸ್ಥಿರನಿಯಮವಾದುದರಿಂದ ಈ ತಪ್ಪು ಶಾಶ್ವತವಾಯಿತು. ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸುವುದೊಂದೇ ಉಳಿದ ದಾರಿಯಾಗಿತ್ತು, ಹಾಗೆಯೇ ಮಾಡಲಾಗಿದೆ. ಪೈಥಾನ್ 2012ರ 3.3 ಆವೃತ್ತಿಯಿಂದ ಉಪನಾಮವನ್ನು ಗುರುತಿಸುತ್ತದೆ. ಆದರೂ ಅಕ್ಷರದ ಹೆಸರನ್ನು ಕೇಳಿದರೆ ಇಂದಿಗೂ ಆ ತಪ್ಪು ಹೆಸರನ್ನೇ ಹೇಳುತ್ತದೆ.

ಇದಕ್ಕೆ ಪ್ರತಿಯಾದ ನಿದರ್ಶನವೂ ಇದೆ. ಸ್ವರವಿಲ್ಲದ ನಕಾರವನ್ನು ಸೂಚಿಸುತ್ತಿದ್ದ ‘ನಕಾರಪೊಲ್ಲು’ ಎಂಬ ಹಳೆಯ ಲಿಪಿರೂಪಕ್ಕೆ ಗಣಕದಲ್ಲಿ ಬಹುಕಾಲ ಸ್ಥಾನವಿರಲಿಲ್ಲ. ಅದರ ಬಳಕೆಗೆ ಆಧಾರಗಳನ್ನು ಒದಗಿಸಿ ಪ್ರಸ್ತಾವ ಸಲ್ಲಿಸಿದ ಮೇಲೆ 2021ರಲ್ಲಿ ಯೂನಿಕೋಡಿನ 14ನೆಯ ಆವೃತ್ತಿಯಲ್ಲಿ ಅದು ಸೇರಿತು. ಮರುವರ್ಷದ 3.11 ಆವೃತ್ತಿಯಿಂದ ಪೈಥಾನ್ ಅದನ್ನು ಕನ್ನಡದ ಅಕ್ಷರವೆಂದು ತಿಳಿಯುತ್ತದೆ. ಇದಕ್ಕೆ ಬೇಕಾದುದು ಅಧಿಕಾರವಲ್ಲ, ಧನಬಲವಲ್ಲ; ಪ್ರಯೋಗದ ಆಧಾರ ಮತ್ತು ಅದನ್ನು ಕ್ರಮವಾಗಿ ನಿರೂಪಿಸುವ ಶಾಸ್ತ್ರಶಿಸ್ತು. ಹಸ್ತಪ್ರತಿಗಳ ಪಾಠಾಂತರಗಳನ್ನು ಅಳೆದು ತೂಗಿ ಗ್ರಂಥಸಂಪಾದನೆ ಮಾಡುವ ಯಾವ ಕನ್ನಡ ವಿಭಾಗಕ್ಕೂ ಈ ಶಿಸ್ತು ಹೊಸದಲ್ಲ.

7

ವಿದ್ವಾಂಸರೂ ತಂತ್ರಜ್ಞರೂ ಒಂದೇ ಸಭೆಯಲ್ಲಿ ಕುಳಿತು ನಿರ್ಣಯಕ್ಕೆ ಬರುವ ಮಾದರಿ ಚೆನ್ನೈ ನಗರದಲ್ಲಿಯೇ ಇದೆ. ಗಣಕದಲ್ಲಿ ತಮಿಳಿನ ಬಳಕೆಯನ್ನು ಕುರಿತು 1997ರಲ್ಲಿ ಸಿಂಗಪುರದಲ್ಲಿ ಮೊದಲ ಸಮ್ಮೇಳನ ನಡೆಯಿತು. ಅದರ ಮುಂದುವರಿಕೆಯಾಗಿ 1999ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ‘ತಮಿಳ್‌ನೆಟ್ 99’ ಸಮ್ಮೇಳನ ಸೇರಿತು. ಆ ವೇಳೆಗೆ ತಮಿಳಿಗೆ ಪರಸ್ಪರ ಹೊಂದದ ಅನೇಕ ಅಕ್ಷರಸಂಕೇತಗಳೂ ಕೀಲಿಮಣೆಗಳೂ ಇದ್ದವು. ಒಬ್ಬರು ಬರೆದುದನ್ನು ಮತ್ತೊಬ್ಬರ ಗಣಕ ಓದುತ್ತಿರಲಿಲ್ಲ. ತಮಿಳುನಾಡಿನವರೊಡನೆ ಹೊರನಾಡುಗಳ ತಮಿಳರೂ ಭಾಗವಹಿಸಿದ ಆ ಚರ್ಚೆಯ ಫಲವಾಗಿ, ಹನ್ನೆರಡು ಸ್ವರ, ಹದಿನೆಂಟು ವ್ಯಂಜನ, ಒಂದು ಆಯ್ದಂ ಎಂಬ ತಮಿಳು ವರ್ಣಮಾಲೆಯ ವ್ಯವಸ್ಥೆಯನ್ನೇ ಅನುಸರಿಸುವ ಕೀಲಿಮಣೆ ರೂಪುಗೊಂಡು ಅದೇ ವರ್ಷ ಸರ್ಕಾರದ ಮನ್ನಣೆ ಪಡೆಯಿತು. ವರ್ಣಮಾಲೆಯ ವ್ಯಾಕರಣ ಯಂತ್ರದ ವಿನ್ಯಾಸಕ್ಕೆ ಆಧಾರವಾಯಿತು ಎಂಬುದೇ ಇಲ್ಲಿಯ ವಿಶೇಷ. ಮುಂದೆ ತಮಿಳು ಪದಗಳನ್ನೇ ಕಾಯ್ದಿಟ್ಟ ಪದಗಳಾಗಿ ಬಳಸುವ ‘ಎೞಿಲ್’ ಎಂಬ ಮುಕ್ತ ಗಣಕಭಾಷೆಯೂ ಪೈಥಾನಿನ ತಳಹದಿಯ ಮೇಲೆ ನಿರ್ಮಾಣವಾಯಿತು.

ಕನ್ನಡದಲ್ಲಿಯೂ ಇಂತಹ ಯತ್ನಗಳಿಗೆ ಪೂರ್ವಪರಂಪರೆಯಿದೆ. ಕೆ. ಪಿ. ರಾವ್ ಅವರು ಕನ್ನಡದ ಧ್ವನಿವ್ಯವಸ್ಥೆಯನ್ನು ಅನುಸರಿಸಿ ಕೀಲಿಮಣೆಯನ್ನು ರೂಪಿಸಿ, ಅದನ್ನು ಅಳವಡಿಸಿದ ತಂತ್ರಾಂಶವನ್ನು ಉಚಿತವಾಗಿ ಹಂಚಿ, ಅದಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಇಟ್ಟರು. ತಂತ್ರಜ್ಞನ ಕೃತಿಗೆ ಛಂದಸ್ಸು ವ್ಯಾಕರಣಗಳ ವಿದ್ವಾಂಸರ ಹೆಸರು ಬಂದುದು ಔಚಿತ್ಯಪೂರ್ಣವಾದುದು. ಚೆನ್ನೈಯಲ್ಲಿ ಕನ್ನಡದ ಕೆಲಸವೂ ಹಳೆಯದೇ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿ, ಮದರಾಸು ವಿಶ್ವವಿದ್ಯಾನಿಲಯದಿಂದ 1968-71ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದರು. ಒಬ್ಬ ಮಹಾವಿದ್ವಾಂಸನ ಕೃತಿಯೂ ಮುಂದಿನ ತಲೆಮಾರಿನ ತಿದ್ದುಪಡಿಗೆ ತೆರೆದಿರಬೇಕು, ಆ ತಿದ್ದುಪಡಿ ಮೂಲದ ಮೇಲಣ ಗೌರವವೇ ಹೊರತು ಅವಜ್ಞೆಯಲ್ಲ ಎಂಬುದನ್ನು ಆ ಸಂಪುಟಗಳು ತೋರಿಸಿಕೊಟ್ಟಿವೆ. ಮುಕ್ತ ಆಕರ ಎಂಬ ಮಾತಿನ ತಿರುಳೂ ಇದೇ.

ಒಟ್ಟಿನಲ್ಲಿ ಈ ವಿವೇಚನೆಯಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ಮೊದಲನೆಯದಾಗಿ, ಮುಕ್ತ ಗಣಕಭಾಷೆಯ ನಿಯಮಕ್ಕೆ ಬಲ ಬರುವುದು ಅದನ್ನು ಹೇಳಿದವನ ಸ್ಥಾನದಿಂದಲ್ಲ, ಅದರ ಹಿಂದಿರುವ ಲಿಖಿತ ಕಾರಣಗಳಿಂದ. ಕರ್ತೃ ಹಿಂದೆ ಸರಿದ ಮೇಲೂ ಭಾಷೆ ಮುಂದುವರಿದುದೇ ಇದಕ್ಕೆ ಪ್ರಮಾಣ. ಎರಡನೆಯದಾಗಿ, ಅಲ್ಲಿ ಹಾಜರಿರುವವರ ಭಾಷಾಭ್ಯಾಸ ನಿಯಮಗಳಲ್ಲಿ ಅಚ್ಚೊತ್ತುತ್ತದೆ. ಹಾಜರಿಲ್ಲದವರ ಭಾಷೆಗೆ ಉದಾರವಾದ ಅನುಮತಿ ಸಿಕ್ಕೀತು, ಸೂಕ್ಷ್ಮವಾದ ನ್ಯಾಯ ಸಿಗದು. ಮೂರನೆಯದಾಗಿ, ಬಾಗಿಲು ಮುಚ್ಚಿಲ್ಲ. ಪ್ರಸ್ತಾವವನ್ನು ಬರೆಯುವ ಹಕ್ಕು ಯಾರಿಗೂ ಉಂಟು. ಬರೆಯುವ ಸಾಮಗ್ರಿ ಕನ್ನಡ ವಿಭಾಗಗಳಲ್ಲಿ ಉಂಟು.

ಕನ್ನಡದ ಎಂ. ಎ. ತರಗತಿಗಳಲ್ಲಿ ‘ಶಬ್ದಮಣಿದರ್ಪಣ’ವನ್ನು ಪಾಠ ಹೇಳುವಾಗ ‘ೞ’ಕಾರದ ಪ್ರಕರಣದೊಡನೆ ಅದರ ಗಣಕನಾಮದ ಪ್ರಸಂಗವನ್ನೂ ಹೇಳುವುದು ಉಚಿತ. ಒತ್ತಕ್ಷರದ ತಡೆ, ಅರ್ಕಾವೊತ್ತಿನ ವಿಕಲ್ಪ, ಕನ್ನಡ ಅಂಕಿಗಳ ಸ್ಥಾನ ಇವುಗಳ ಮೇಲೆ ಪ್ರಯೋಗಸಹಿತವಾದ ಟಿಪ್ಪಣಿಗಳನ್ನು ಗಣಕವಿಜ್ಞಾನ ವಿಭಾಗದವರೊಡನೆ ಕೂಡಿ ಸಿದ್ಧಪಡಿಸುವುದು ಸಂಶೋಧನೆಯ ವಿಷಯವಾಗಲು ಅರ್ಹವಾಗಿದೆ. ಕೇಶಿರಾಜನು ತನ್ನ ಕಾಲದ ಕನ್ನಡಕ್ಕೆ ಮಾಡಿದ ಕೆಲಸ ಕಣ್ಮರೆಯಾಗುತ್ತಿದ್ದ ರೂಪಗಳನ್ನು ಆಧಾರಸಹಿತವಾಗಿ ದಾಖಲಿಸುವುದಾಗಿತ್ತು. ಯಂತ್ರವು ಓದಿ ಬರೆಯುವ ಈ ಕಾಲದಲ್ಲಿ ಅದೇ ಕೆಲಸ ಹೊಸ ಸಭೆಯೊಂದರ ಮುಂದೆ ನಡೆಯಬೇಕಾಗಿದೆ. ಆ ಸಭೆಯಲ್ಲಿ ಕನ್ನಡ ಬಲ್ಲವರ ಸ್ಥಾನ ಬರಿದಾಗಿ ಉಳಿದರೆ ನಿರ್ಣಯಗಳು ನಿಲ್ಲುವುದಿಲ್ಲ. ಅವು ಕನ್ನಡವನ್ನು ಕೇಳದೆ ಆಗುತ್ತವೆ.